ಜಾರಿದ ಗುಂಡು

ನೊರೀನ್ ಶಾಲೆಯ ಬಸ್ಸು ಓಡಿಸಲು ಶುರುಮಾಡಿ ಇಪ್ಪತ್ತಾರು ವರ್ಷ. ಊರಿನ ಅರ್ಧ ಜನ ಅವಳಿಂದ ಬೈಸಿಕೊಂಡೇ ದೊಡ್ಡವರಾದವರು. ಅಮೆರಿಕದ ಕೊಲರಾಡೊದ ವೈಟ್ ನದಿಯ ದಡದ ಆ ಬೆಟ್ಟದೂರಿನಲ್ಲಿ, ಹಿಮ ಗಟ್ಟಿಯಾದ ರಸ್ತೆಗೂ ಹೆದರದ ಹೆಂಗಸು ಅವಳೊಬ್ಬಳೇ. ಅಂಥವಳ ನಿದ್ದೆಯನ್ನು ಹೋದ ವರ್ಷ ಒಂದು ಹೆಣ್ಣು ಎಲ್ಕ್ ಕೆಡಿಸಿಬಿಟ್ಟಿತ್ತು.

ಎಲ್ಕ್ ಎಂದರೇನು ಸಣ್ಣ ಪ್ರಾಣಿಯೇ? ಕುದುರೆ ಗಾತ್ರದ ಜಿಂಕೆ. ನೊರೀನ್ ಹಾರಿಸಿದ ಗುಂಡು ತಗುಲಿತ್ತು, ಆದರೆ ಅದು ಬೀಳದೆ ಓಡಿತ್ತು. ಎರಡು ದಿನ ರಕ್ತದ ಜಾಡು ಹಿಡಿದು ಅಲೆದಳು. ಮೂರನೆಯ ದಿನ ಕಾಗೆಗಳ ಗದ್ದಲ ಕೇಳಿ ಹೋದರೆ, ತೊರೆಯ ಪಕ್ಕ ಬಿದ್ದಿತ್ತು, ಮಾಂಸವೆಲ್ಲ ಕೆಟ್ಟು. ಸುತ್ತಲಿನ ನೆಲವನ್ನು ಕಾಲಿನಿಂದ ಕೆರೆದು ಕೆರೆದು ಗುಂಡಿ ಮಾಡಿತ್ತು ಪಾಪ. ನೊರೀನ್ ಅಲ್ಲೇ ಕೂತು ಅತ್ತಳು. ಇನ್ನೊಂದು ಪ್ರಾಣಿ ತನ್ನ ಕೈಯಲ್ಲಿ ಹೀಗೆ ನರಳಿದರೆ ಈ ಜನ್ಮದಲ್ಲಿ ಕೋವಿ ಮುಟ್ಟುವುದಿಲ್ಲ ಎಂದು ಗಂಡನ ಮುಂದೆ ಆಣೆ ಮಾಡಿದಳು.

ಗಂಡ ಡ್ವೇಯ್ನ್ ಮೂವತ್ತು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದವನು. ಈಗ ಮೂಗಿಗೆ ಆಮ್ಲಜನಕದ ಕೊಳವೆ, ಅಡುಗೆಮನೆಯ ಕುರ್ಚಿಯೇ ಅವನ ಪ್ರಪಂಚ. ನಳಿಗೆಯ ಬಾಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹಾರಿಸುವ ಆ ಕೋವಿ ಅವನಪ್ಪನದು. ಗುಂಡು ಎರೆಯುವ ಅಚ್ಚೂ ಅಪ್ಪನದೇ. ಗೋಲಿಯಂಥ ಉರುಟು ಸೀಸ, ಅದಕ್ಕೆ ಎಣ್ಣೆ ಸವರಿದ ಬಟ್ಟೆಯ ಚೂರು ಸುತ್ತಿ ನಳಿಗೆಗೆ ಬಿಗಿಯಾಗಿ ಇಳಿಸುವುದು ಆ ಮನೆಯ ಪದ್ಧತಿ.

ಈ ವರ್ಷ ಸೆಪ್ಟೆಂಬರಿಗೆ ಬೇಟೆಯ ಪರವಾನಗಿ ಸಿಕ್ಕಾಗ ನೊರೀನ್ ಕೋವಿ ಅಂಗಡಿಯ ಗಸ್‌ನ ಹತ್ತಿರ ಹೋಗಿ ಹೊಸ ಅಚ್ಚು ತಂದಳು. ಬೆರಳಿನ ತುದಿಯಂತೆ ಉದ್ದನೆಯ ಗುಂಡು, ಗೋಲಿಯ ಎರಡರಷ್ಟು ತೂಕ. ಭುಜದ ಎಲುಬು ತಗುಲಿದರೂ ಒಳಗೆ ನುಗ್ಗುತ್ತದೆ. ಟೈರಿನ ಅಂಗಡಿಯವರು ಪುಕ್ಕಟೆ ಕೊಟ್ಟ, ಗಾಲಿಗೆ ಬಿಗಿಯುವ ಸೀಸದ ತುಂಡುಗಳು ನಳಿಗೆಯಲ್ಲಿ ಹೊಂದಿ ಕೂರದಷ್ಟು ಗಟ್ಟಿಯೆಂದು ಬಿಸಾಕಿದಳು. ಉಗುರಿನಿಂದ ಗೀರಿದರೆ ಗೀರು ಮೂಡುವಂಥ ಮೆದು ಸೀಸವನ್ನೇ ಹುಡುಕಿ ಕರಗಿಸಿದಳು.

"ನಮ್ಮಪ್ಪ ಆ ಗೋಲಿಯಲ್ಲೇ ಹನ್ನೊಂದು ಎಲ್ಕ್ ಉರುಳಿಸಿದಾನೆ. ಗೋಲಿಗೇನಾಗಿದೆ ಧಾಡಿ? ಹಿಡಿದೋಳ ಕೈ ನಡುಗಿದ್ರೆ ಅದೇನು ಮಾಡುತ್ತೆ?" ಎಂದ ಡ್ವೇಯ್ನ್.

"ಉರುಳಿದ್ದನ್ನ ಎಣಿಸಿದಾನೆ ನಿಮ್ಮಪ್ಪ. ಗಾಯ ಆಗಿ ಓಡಿಹೋದ್ವಲ್ಲ, ಅವನ್ನ ಎಣಿಸಿದ್ನಾ?"

ಅಂದಮೇಲೆ ಅವಳಿಗೇ ಛೇ ಅನ್ನಿಸಿತು. ಅವನು ಮೂರು ದಿನ ಮುಖ ಊದಿಸಿಕೊಂಡು ಕೂತ.

ಬೇಟೆಯ ಮೊದಲ ದಿನ ನಸುಕಿನಲ್ಲೇ ಹೆಣ್ಣುಕುದುರೆಯ ಜೀನಿಗೆ ಮದ್ದುಗುಂಡು ತುಂಬಿದ ಕೋವಿ ಸಿಕ್ಕಿಸಿ ಹೊರಟಳು. ಮಾಮೂಲಿನಂತೆ ಚೀಲದಲ್ಲಿ ನಳಿಗೆಯ ಬಾಯಿ ಕೆಳಗೆ. ಎರಡು ಗಂಟೆ ಕುಲುಕಾಟದ ದಾರಿ. ಬೆಟ್ಟದ ಮೇಲೆ ಕುದುರೆಯಿಂದ ಇಳಿದು ನೋಡಿದರೆ ಅರವತ್ತು ಹೆಜ್ಜೆಯಲ್ಲಿ ಏಳು ಎಲ್ಕ್, ಗಾಳಿ ಇವಳ ಕಡೆಗೇ. ಕೇಪು ಇಡುವ ಮುಂಚೆ ಗಜವನ್ನು, ಗುಂಡು ಒತ್ತುವ ಆ ಕೋಲನ್ನು, ನಳಿಗೆಗೆ ಇಳಿಸಿದಳು. ಗುಂಡು ಮದ್ದಿನ ಮೇಲೆ ಕೂತಿದ್ದರೆ ಗಜದ ಗುರುತು ನಳಿಗೆಯ ಬಾಯಿಗೆ ಸಮ ಬರಬೇಕು. ಹೊಸ ಗುಂಡಿಗೆಂದು ಹೊಸ ಗುರುತನ್ನೇ ಕೊರೆದಿದ್ದಳು. ಅದು ನಾಲ್ಕು ಬೆರಳು ಮೇಲೆ ನಿಂತಿತು.

ಗುಂಡು ಬಾಯಿಯ ಕಡೆಗೆ ಜಾರಿತ್ತು. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ. ಹಾಗೇ ಹಾರಿಸಿದ್ದರೆ ಒಂದೋ ಪ್ರಾಣಿಗೆ ಅರೆಬರೆ ಏಟು, ಇಲ್ಲವೇ ನಳಿಗೆ ಸಿಡಿದು ಇವಳ ಮುಖಕ್ಕೆ. ಗುಂಡನ್ನು ಮತ್ತೆ ಮದ್ದಿನ ಮೇಲೆ ಕೂರಿಸಲು ಗಜ ಒತ್ತಿದ ಸದ್ದಿಗೆ ಏಳೂ ತಲೆಯೆತ್ತಿ, ನೋಡನೋಡುತ್ತಲೇ ಮರಗಳೊಳಗೆ ಕರಗಿಹೋದವು.

ಮಧ್ಯಾಹ್ನ ಮನೆಗೆ ಬಂದವಳು ಟೋಪಿಯನ್ನೂ ತೆಗೆಯದೆ ಹೇಳಿದಳು. "ಬಟ್ಟೆ ಸುತ್ತಿದ ಗೋಲಿ ಜಾರಲ್ಲ ಕಣೋ, ಇದು ಜಾರುತ್ತೆ! ನಂಗೇನು ಗೊತ್ತಿತ್ತು? ಆ ಗಸ್ ಮುಂಡೇದು ಒಂದು ಮಾತು ಹೇಳಬಾರದಿತ್ತಾ?"

ಡ್ವೇಯ್ನ್ ಕೊಳವೆಯನ್ನು ಸರಿಮಾಡಿಕೊಂಡ. "ಗಸ್‌ನ ಬೈಬೇಡ."

"ಬೈದೆ ಮತ್ತೇನು ಪೂಜೆ ಮಾಡ್ಲಾ?"

"ಅವನು ಫೋನ್ ಮಾಡಿದ್ದ. ನೀನು ಬಸ್ಸಿಗೆ ಹೋಗಿದ್ದೆ. ಕುದುರೆ ಮೇಲೆ ಕೋವಿ ಬಾಯಿ ಕೆಳಗೆ ಮಾಡಿ ಒಯ್ಯಬೇಡ ಅಂತ ಅವಳಿಗೆ ಹೇಳು, ಗುಂಡು ಜಾರುತ್ತೆ, ನಳಿಗೆ ಒಡೆಯುತ್ತೆ ಅಂದ. ಹೇಳ್ತೀನಿ ಅಂದೆ."

ನೊರೀನ್ ಟೋಪಿ ತೆಗೆದು ಮೇಜಿನ ಮೇಲಿಟ್ಟಳು.

"ನಮ್ಮಪ್ಪನ ಬಗ್ಗೆ ಅಂದ್ಯಲ್ಲ, ಸಿಟ್ಟಿತ್ತು. ಗುರಿ ತಪ್ಪಲಿ, ಬುದ್ಧಿ ಬರಲಿ ಅಂದ್ಕೊಂಡೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ..." ಅವನಿಗೆ ಉಸಿರು ಸಾಲಲಿಲ್ಲ. "ಬೆಳಿಗ್ಗೆ ನೀನು ಹೊರಟ ಸದ್ದಿಗೆ ಎಚ್ಚರ ಆಯ್ತು. ಕೂಗಿದೆ ನೊರೀನ್. ಈ ದರಿದ್ರ ಎದೆಯಿಂದ ದನಿ ಎಲ್ಲಿ ಬರುತ್ತೆ?"

ಅವಳು ಕಿರುಚಲಿಲ್ಲ. ಕಿರುಚಿದ್ದರೆ ಅವನಿಗೂ ಹಗುರವಾಗುತ್ತಿತ್ತೇನೋ. ಕೊಟ್ಟಿಗೆಗೆ ಹೋಗಿ ಕುದುರೆಯ ಮೈ ತಿಕ್ಕುತ್ತಾ ಸಂಜೆಯವರೆಗೂ ಅಲ್ಲೇ ಉಳಿದಳು. ಮೂವತ್ತೆರಡು ವರ್ಷ ಬಾಳಿದ ಗಂಡ, ಹೆಂಡತಿಯ ಮುಖ ಸಿಡಿದುಹೋದರೂ ಹೋಗಲಿ ಎಂದು ಬಾಯಿ ಮುಚ್ಚಿಕೊಂಡಿದ್ದ.

ಮರುದಿನ ಬೆಳಗಾಗುವ ಹೊತ್ತಿಗೆ ಖಾಲಿ ಮಾಡಿದ ಕೋವಿ, ಮದ್ದಿನ ಡಬ್ಬಿ, ಎರೆದಿಟ್ಟ ಗುಂಡುಗಳ ತಟ್ಟೆ, ಎಲ್ಲವನ್ನೂ ತಂದು ಅವನ ಮುಂದಿಟ್ಟಳು.

"ನೀನೇ ತುಂಬು."

"ನಾನಾ? ಯಾವ ಗುಂಡು?"

"ಅದನ್ನೂ ನೀನೇ ಆರಿಸು."

ಡ್ವೇಯ್ನ್ ಅಪ್ಪನ ಗೋಲಿಯ ಮಾತೆತ್ತಲಿಲ್ಲ. ಉದ್ದನೆಯ ಗುಂಡುಗಳನ್ನು ಒಂದೊಂದಾಗಿ ನಳಿಗೆಯ ಬಾಯಿಗಿಟ್ಟು ನೋಡಿದ. ಸಲೀಸಾಗಿ ಇಳಿಯುವುದನ್ನೆಲ್ಲ ಪಕ್ಕಕ್ಕಿಟ್ಟ. ಹದಿನಾಲ್ಕರಲ್ಲಿ ಎರಡು ಮಾತ್ರ ಹೆಬ್ಬೆರಳಿಂದ ಬಲವಾಗಿ ಒತ್ತಿದರೂ ಒಳಗೆ ಹೋಗೆನೆಂದು ಹಠ ಮಾಡಿದವು. ಮದ್ದು ಅಳೆದು ಸುರಿದು, ಅವುಗಳಲ್ಲಿ ಒಂದನ್ನು ಗಜದಿಂದ ಇಳಿಸುವಷ್ಟರಲ್ಲಿ ಮೂರು ಸಲ ನಿಂತು ಉಸಿರೆಳೆದುಕೊಂಡ. ಕಣ್ಣಲ್ಲಿ ನೀರಾಡಿತು. ಅವಳು ನೆರವಿಗೆ ಹೋಗಲಿಲ್ಲ.

"ಇದು ಜಾರಲ್ಲ. ಆದರೂ ಬಾಯಿ ಮೇಲೆ ಮಾಡಿಕೊಂಡು ನಡಿ," ಎಂದ.

"ಹೂಂ."

ಅವಳು ಕುದುರೆಯನ್ನು ಬಿಟ್ಟು ನಡೆದೇ ಹೊರಟಳು. ಅಂಗಳ ದಾಟಿ, ಕಿಟಕಿಗೆ ಕಾಣದ ತಿರುವಿಗೆ ಬಂದು ನಿಂತು, ಗಜ ಇಳಿಸಿ ನೋಡಿದಳು. ಗುರುತು ಬಾಯಿಗೆ ಸಮ ಇತ್ತು. ನೂರು ಹೆಜ್ಜೆ ಹೋಗಿ ಮತ್ತೊಮ್ಮೆ ಇಳಿಸಿ ನೋಡಿದಳು.