ಎರಡು ಬೆರಳು ಕಡಿಮೆ ಬಿದ್ದ ಪಟ್ಟಿ

ನಮ್ಮ ಮನೆಯ ಕ್ಯಾಲೆಂಡರ್ ಮೂವತ್ತು ವರ್ಷಗಳಿಂದ ಗೋಡೆಯ ಮುಖ ಕಂಡಿರಲಿಲ್ಲ. ಅದು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿಸಿಕೊಂಡು ಜೋತಾಡುತ್ತಿತ್ತು. ಗಾಳಿ ಬೀಸಿದಾಗ ಆಷಾಢದಿಂದ ನೇರವಾಗಿ ಕಾರ್ತಿಕಕ್ಕೆ ಹಾರಿ, ಅಲ್ಲಿ ಏನು ಮಾಡಬೇಕೆಂದು ತೋಚದೆ ಮತ್ತೆ ಹಿಂದಕ್ಕೆ ಬರುತ್ತಿತ್ತು. ಈ ಗುಣದಲ್ಲಿ ಅದು ಥೇಟ್ ನನ್ನ ಹಾಗೆ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಿದ್ದಳು. ನಾನು ಸಂಡೂರಿನ ಗುಡ್ಡದ ಒಂದು ಗಣಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ, ಮಿತ್ರರೇ. ಅಲ್ಲಿನ ಕ್ವಾರ್ಟರ್ಸಿನ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ನಿವೃತ್ತಿಯಾಗಿ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಬಾಡಿಗೆ ಮನೆ ಹಿಡಿದರೆ, ಬೀಗದ ಕೈ ಕೊಡುವಾಗ ಮಾಲೀಕರು ಆಡಿದ ಮೊದಲ ಮಾತೂ ಅದೇ: “ಗ್ವಾಡಿಗೆ ಮೊಳಿ ಮಾತ್ರ ಹೊಡೀಬ್ಯಾಡ್ರಿ.”

ಸ್ವಂತ ಮನೆ ಏಕೆ ಕಟ್ಟಲಿಲ್ಲ ಎಂದು ನೀವು ಕೇಳಬಹುದು. ಎಲ್ಲಿ ಕಟ್ಟಬೇಕೆಂದು ನನಗೆ ಕೊನೆಗೂ ಗೊತ್ತಾಗಲಿಲ್ಲ. ನನಗೆ ಸಂಡೂರಿನ ಗುಡ್ಡ ಬೇಕು, ಅವಳಿಗೆ ತವರೂರು ಕಂಪ್ಲಿಯ ಹೊಳೆದಂಡೆ ಬೇಕು. ಅವಳು ಹೊಳೆ ಎಂದಾಗ ನಾನು “ನೋಡೋಣ” ಎನ್ನುತ್ತಿದ್ದೆ, ನಾನು ಗುಡ್ಡ ಎಂದಾಗ ಅವಳು ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು. ಹೀಗೆ ನೋಡೋಣ ನೋಡೋಣ ಎನ್ನುತ್ತಲೇ ನನ್ನ ಕಣ್ಣಿಗೆ ಕನ್ನಡಕ ಬಂತು. ಕಳೆದ ವರ್ಷ, ವಿದೇಶದವರು ಹಂಪಿಗೆ ಎಳೆದು ತಂದಿದ್ದ ಗಾಲಿಗಳ ಮೇಲಿನ ಮನೆಯೊಂದನ್ನು ಕಂಡಾಗ, ಇಷ್ಟು ವರ್ಷದ ಗಂಟು ಒಮ್ಮೆಗೇ ಬಿಚ್ಚಿಕೊಂಡಂತಾಯಿತು. ಹಳೆಯ ಟ್ರೇಲರ್ ಒಂದರ ಅಡಿಗಟ್ಟು ಹುಡುಕಿ ತಂದು, ಪ್ಲೈವುಡ್ಡಿನ ಗೋಡೆ ನಿಲ್ಲಿಸಿ, ಅರೆಚಂದ್ರನ ಹಾಗೆ ಛಾವಣಿಯ ಮಾಡನ್ನು ಬಾಗಿಸಿ, ಮೇಲೆಲ್ಲ ಅಲ್ಯೂಮಿನಿಯಂ ತಗಡು ಹೊದಿಸಿದೆ. ನಮ್ಮ ಹಳೆಯ ಜೀಪು ಇದನ್ನು ಎಳೆಯಬೇಕು, ನಾವಿಬ್ಬರು ಒಂದು ವಾರ ಹೊಳೆಯ ಬದಿ, ಒಂದು ವಾರ ಗುಡ್ಡದ ಬದಿ ಇರಬೇಕು, ಇದು ನನ್ನ ಹಂಚಿಕೆ. ಗಿರಿಜಾ ಸೊಂಟದ ಮೇಲೆ ಕೈಯಿಟ್ಟು ಅದನ್ನು ಒಂದು ಸುತ್ತು ನೋಡಿದಳು.

“ಮನಿ ಎಲ್ಲಿ ಕಟ್ಟಬೇಕಂತ ನಿಮಗ ತಿಳೀಲಿಲ್ಲ, ಅದಕ್ಕ ಗಾಲಿ ಹಚ್ಚೀರಿ,” ಎಂದಳು.

ಅಷ್ಟಕ್ಕೇ ಮುಗಿದಿದ್ದರೆ ನಗಬಹುದಿತ್ತು. ಆದರೆ ಒಳಗೆ ಇಣುಕಲು ಬಾಗಿದಾಗ ತಗಡಿನ ಹರಿತ ಅಂಚಿಗೆ ಸಿಕ್ಕಿ ಅವಳ ಇಳಕಲ್ ಸೀರೆಯ ಸೆರಗು ಪರ್ರೆಂದು ಹರಿಯಿತು. ಹರಿದ ಸೆರಗನ್ನು ಕೈಯಲ್ಲಿ ಹಿಡಿದು, “ಇದು ಮನಿ ಅಲ್ರಿ, ಡಬ್ಬಿ. ಡಬ್ಬ್ಯಾಗ ನಾ ಬರಂಗಿಲ್ಲ,” ಎಂದು ಒಳಗೆ ಹೋಗಿಬಿಟ್ಟಳು. ನನಗೆ ನಿಜಕ್ಕೂ ಭಯವಾಯಿತು. ಎರಡು ಹಾಸಿಗೆ, ಎರಡು ಲೋಟ, ಎರಡು ಗೂಟ ಎಂದು ಎಲ್ಲವನ್ನೂ ಎರಡೆರಡಾಗಿ ಎಣಿಸಿ ಕಟ್ಟಿದ್ದೆ. ಅವಳು ಬರದಿದ್ದರೆ ಅದು ಡಬ್ಬಿಯೇ.

ಅಂದಿನಿಂದ ಅಂಚುಪಟ್ಟಿಯ ಹುಚ್ಚು ಹಿಡಿಯಿತು. ಮಾಡೂ ಗೋಡೆಯೂ ಕೂಡುವಲ್ಲಿ, ಕಮಾನಿನ ಉದ್ದಕ್ಕೂ, ಬೆರಳಗಲದ ಹೊಳೆಯುವ ಪಟ್ಟಿಯೊಂದನ್ನು ಬಾಗಿಸಿ ಕೂರಿಸಿದರೆ ಹರಿತ ಅಂಚು ಮುಚ್ಚುತ್ತದೆ, ನೋಟಕ್ಕೂ ಮನೆಯ ಕಳೆ ಬರುತ್ತದೆ. ಹೇಳುವುದು ಸುಲಭ. ಮೊದಲ ಪಟ್ಟಿಯನ್ನು ಗಿರಿಜಾಳ ತಾಮ್ರದ ಕೊಪ್ಪರಿಗೆಯ ಕಂಠಕ್ಕೆ ಒತ್ತಿ ಬಾಗಿಸಹೋದೆ. ಅದು ಬಾಗುವ ಬದಲು ನಡುವೆ ಮುರುಟಿ, ಮುನಿಸಿಕೊಂಡವರ ಹುಬ್ಬಿನ ಹಾಗೆ ಗಂಟಾಯಿತು. ಎರಡನೆಯದು ಬಾಗಿತು, ಆದರೆ ಎದುರು ದಿಕ್ಕಿಗೆ. ನಮ್ಮ ಓಣಿಯಲ್ಲೇ ತಗಡಿನ ಕೆಲಸ ಮಾಡುವ ಖಾಸಿಂಸಾಬರು ಮೂರು ದಿನ ಮರ್ಯಾದೆಗೆ ಸುಮ್ಮನಿದ್ದು, ನಾಲ್ಕನೆಯ ದಿನ ಎದ್ದು ಬಂದರು.

“ಸಾರ್, ಮೊದ್ಲು ಸಾಬೂನು ಹಚ್ಚಿ ಕಾಸ್ರಿ. ಸಾಬೂನು ಕರ್ರಗ ಆತಂದ್ರ ಪಟ್ಟಿ ಮೆತ್ತಗ ಆತಂತ ತಿಳ್ಕೋರಿ. ಜೋರು ಮಾಡಬ್ಯಾಡ್ರಿ, ತಾನಾ ಬಾಗ್ತೈತಿ.”

ಬಚ್ಚಲಿನಲ್ಲಿದ್ದ ಗಂಧದ ಸಾಬೂನನ್ನೇ ತಂದು ಉಜ್ಜಿ, ಬರ್ನರಿನ ಉರಿ ಹಿಡಿದೆ. ಸಾಬೂನು ಕಪ್ಪಾಯಿತು, ಓಣಿಯೆಲ್ಲ ಘಮಘಮಿಸಿತು, ಆರಿದ ಪಟ್ಟಿ ಕೈಯಲ್ಲಿ ಹಗ್ಗದಷ್ಟು ವಿಧೇಯವಾಯಿತು. ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತ, ಗೇಣಿಗೊಂದು ರಿವೆಟ್ ಹಾಕುತ್ತ ಮುಂಭಾಗದಿಂದ ಹೊರಟು, ಕಮಾನು ಹತ್ತಿ ಇಳಿದು ಹಿಂಭಾಗ ಮುಟ್ಟುವಾಗ ನನ್ನ ಎದೆ ಉಬ್ಬಿತ್ತು. ಆದರೆ ಪಟ್ಟಿ ಮುಗಿಯಿತು, ಅಂಚು ಮುಗಿಯಲಿಲ್ಲ. ಎರಡು ಬೆರಳು ಕಡಿಮೆ ಬಿದ್ದಿತ್ತು.

ಆಗ ಹಿಡಿದ ಗೊಂದಲವನ್ನು ಏನೆಂದು ಹೇಳಲಿ! ನಕ್ಷೆಯಲ್ಲಿ ಮೂರು ಸಲ ಅಳೆದಿದ್ದೆ. ಜನ್ಮವಿಡೀ ಬಾಗಿದ ಗೆರೆಗಳನ್ನೇ ಅಳೆದವನು ನಾನು. ಗುಡ್ಡದ ಮೈಯ ಸುತ್ತು ಗೆರೆಗಳನ್ನು ಬರೆದು, ಗುಡ್ಡ ಕರಗಿದಂತೆಲ್ಲ ಅಳಿಸಿ, ಒಳಗೊಳಗೆ ಸರಿಸಿ ಮತ್ತೆ ಬರೆದವನು. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ನಾನು ಅಳೆದದ್ದು ಪ್ಲೈವುಡ್ಡಿನ ಗೆರೆಯನ್ನು. ಅದರ ಮೇಲೆ ಮರದ ರೀಪು, ರೀಪಿನ ಮೇಲೆ ತಗಡು, ಎಲ್ಲ ಸೇರಿ ಒಂದು ಬೆರಳಿನಷ್ಟು ದಪ್ಪವೇರಿ ಕಮಾನು ಹಿಗ್ಗಿತ್ತು. ಕಾಗದದ ಮೇಲಿನ ಗೆರೆಗೆ ದಪ್ಪವಿಲ್ಲ, ಲೋಕದ ವಸ್ತುಗಳಿಗೆ ಇದೆ. ಇಷ್ಟನ್ನು ತಿಳಿಯಲು ನನಗೆ ಅರವತ್ತು ದಾಟಬೇಕಾಯಿತೆಂದು ನಾಚಿಕೆಯಾಯಿತು. ಗಿರಿಜಾಳನ್ನೂ ನಾನು ಹೀಗೆಯೇ ದಪ್ಪವಿಲ್ಲದ ಗೆರೆಯಾಗಿ ಹಿಡಿದು ಹಂಚಿಕೆ ಹಾಕಿದ್ದೆನೇ, ಅವಳ ಸುತ್ತಳತೆಯಲ್ಲೂ ನನಗೆ ಎರಡು ಬೆರಳು ಕಡಿಮೆ ಬಿದ್ದಿತ್ತೇ ಎಂಬ ಸಂಶಯ ಬಂದು, ಅದನ್ನು ಅವಳ ಬಳಿಯೇ ಕೇಳುವುದೋ ಬೇಡವೋ ತಿಳಿಯದೆ ಅಳತೆಯ ಟೇಪು ಸುತ್ತಿಟ್ಟೆ.

ಈಗ ಏನು ಮಾಡುವುದು? ಹೊಸ ಪಟ್ಟಿ ತರಬಹುದು. ಆದರೆ ರಿವೆಟ್ ಕೀಳಬೇಕು. ತುಂಡು ಸೇರಿಸಬಹುದು, ಆದರೆ ಸಂದು ಕಾಣುತ್ತದೆ. ದಾರಿ ತೋಚದೆ ಮರುದಿನ ಬೆಳಿಗ್ಗೆ ಜೀಪು ಹತ್ತಿ ಹಂಪಿಗೆ ಹೋದೆ, ದೇವರ ದರ್ಶನಕ್ಕಲ್ಲ, ಅಂಚುಗಳ ದರ್ಶನಕ್ಕೆ. ಅಲ್ಲಿ ಮಂಟಪಗಳ ಸೂರಿನ ಕಲ್ಲು ಒದ್ದೆ ಬಟ್ಟೆಯಂತೆ ಬಾಗಿ ಇಳಿದಿದೆ, ಕಂಬದ ಬುಡಕ್ಕೂ ನೆತ್ತಿಗೂ ಎಸಳಿನ ಪಟ್ಟಿ ಓಡಿದೆ. ಕಲ್ಲಿಗೆ ಅಂಚುಪಟ್ಟಿ ಯಾಕೆ ಬೇಕಿತ್ತು? ಅದೇನು ಸೆರಗು ಹರಿಯುವ ತಗಡೇ? ವಸ್ತುವೊಂದು ತಾನು ಮುಗಿಯುವ ಜಾಗದಲ್ಲಿ ಏಕೋ ಸಂಕೋಚಪಡುತ್ತದೆ, ಆ ಸಂಕೋಚವನ್ನು ಮನುಷ್ಯರು ಹೂವು ಬಳ್ಳಿಗಳಿಂದ ಮುಚ್ಚುತ್ತಾರೆ ಎಂದು ಒಮ್ಮೆ ಅನ್ನಿಸಿತು. ಇಲ್ಲ, ಮುಚ್ಚುವುದಲ್ಲ, ಇಲ್ಲಿಗೆ ಮುಗಿಯಿತು ನೋಡಿ ಎಂದು ಹಿಗ್ಗಿ ತೋರಿಸುವುದು ಎಂದು ಇನ್ನೊಮ್ಮೆ ಅನ್ನಿಸಿತು. ಎರಡೂ ಸರಿಯೆನ್ನಿಸಿ, ಹೋಗುವಾಗ ಒಂದೇ ಇದ್ದ ಗೊಂದಲವನ್ನು ಎರಡು ಮಾಡಿಕೊಂಡು ಹಿಂತಿರುಗಿದೆ.

ದಾರಿಯಲ್ಲಿ ಖಾಸಿಂಸಾಬರ ಅಂಗಡಿಯ ಮುಂದೆ ನಿಂತಾಗ, ಪಟ್ಟಿ ಕಡಿಮೆ ಬಿದ್ದದ್ದನ್ನು ಆಗಲೇ ನೋಡಿ ಹೋಗಿದ್ದ ಅವರು ಅಂಗೈಯಗಲದ ಒಂದು ತಗಡಿನ ಕಮಲ ಕೊಟ್ಟರು. ಕತ್ತರಿಯಲ್ಲಿ ಎಸಳೆಸಳಾಗಿ ಕತ್ತರಿಸಿ, ತುದಿ ಮಡಿಸಿ, ಒಳ್ಳೆ ಹೊಳಪು ಕೊಟ್ಟಿದ್ದರು. “ಒಂದ ಐತಿ ಸಾರ್. ಆ ಸಂದಿನ ಮ್ಯಾಲೆ ಕೂಡ್ರಸ್ರಿ, ಯಾರಿಗೂ ಕಾಣಂಗಿಲ್ಲ.”

ಕಮಲ ಹಿಡಿದು ಅಂಗಳಕ್ಕೆ ಬಂದರೆ ಗಾಡಿಮನೆಯೊಳಗಿನಿಂದ ಠಣ್ ಠಣ್ ಎಂದು ಬಡಿಯುವ ಸದ್ದು. ಕಣ್ಣೆದುರೇ, ವಾರವಿಡೀ ಗಂಧದ ಸಾಬೂನಿನಲ್ಲಿ ಪಳಗಿಸಿ ಕೂರಿಸಿದ ನನ್ನ ಪಟ್ಟಿಯ ನಟ್ಟನಡುವೆ ಸಣ್ಣ ಮೊಡವೆಯೊಂದು ಎದ್ದಿತು, ಇನ್ನೊಂದು ಏಟಿಗೆ ಅದು ಒಡೆದು ಮೊಳೆಯ ಮೊನೆ ಹೊರಗೆ ಇಣುಕಿತು. ನನಗೆ ಕೋಪ ನೆತ್ತಿಗೇರಿತು. ಓಡಿ ಬಾಗಿಲು ತೆಗೆದೆ.

ಗಿರಿಜಾ ಒಳಗಿದ್ದಳು. ಯಾರೂ ಕರೆಯದೆ, ತಾನೇ ಹತ್ತಿ, ಹಾಸಿಗೆಯ ಮೇಲೆ ಮಂಡಿಯೂರಿ ಕುಳಿತಿದ್ದಳು. ತಗ್ಗಿದ ಮಾಡಾದ್ದರಿಂದ ಅವಳು ಆರಿಸಿದ ಜಾಗ ಗೋಡೆಯ ತೀರ ಮೇಲಂಚಿನಲ್ಲಿತ್ತು. ಒಂದು ಕೈಯಲ್ಲಿ ನನ್ನದೇ ಸುತ್ತಿಗೆ, ಇನ್ನೊಂದರಲ್ಲಿ ಕಿಟಕಿಯಿಂದ ಬಿಚ್ಚಿ ತಂದ ಕ್ಯಾಲೆಂಡರು. ನನ್ನ ಮುಖ ನೋಡಿದವಳೇ, “ಯಾಕ? ಈ ಗ್ವಾಡಿಗೂ ಯಾರನ್ನರ ಕೇಳಬೇಕಿತ್ತೇನ್ರಿ?” ಎಂದಳು.

ಕೋಪವೂ ಸಂತೋಷವೂ ಒಟ್ಟಿಗೆ ಬಂದು, ಯಾವುದನ್ನು ಮೊದಲು ತೋರಿಸಬೇಕೆಂದು ತಿಳಿಯಲಿಲ್ಲ. “ಇಲ್ಲ” ಎಂದಷ್ಟೇ ಅಂದೆ. ಹೊರಗೆ ಬಂದು ಆ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಅಕ್ಕಿಕಾಳಿನಷ್ಟಿತ್ತು, ಯಾರದಾದರೂ ಸೆರಗು ಹರಿಯಲು ಸಾಕು. ಕಮಲ ಒಂದೇ, ಜಾಗ ಎರಡು. ನನ್ನ ಬಾಳಿನಲ್ಲಿ ಇಂಥ ಪ್ರಸಂಗಕ್ಕೆ ನಾನು ಸಾಮಾನ್ಯವಾಗಿ ಒಂದೆರಡು ತಿಂಗಳು ತೆಗೆದುಕೊಳ್ಳುತ್ತೇನೆ. ಅಂದು ಏನಾಯಿತೋ, ನೇರವಾಗಿ ಮೊನೆಯ ಮೇಲೆ ಕಮಲವಿಟ್ಟು ನಾಲ್ಕು ರಿವೆಟ್ ಹೊಡೆದೆ. ಹಿಂಭಾಗದ ಎರಡು ಬೆರಳಿನ ಸಂದಿನ ಅಂಚನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿ ಹಾಗೆಯೇ ಬಿಟ್ಟೆ. ಅದು ಈಗಲೂ ಇದೆ, ಬಂದವರೆಲ್ಲರಿಗೂ ಮೊದಲು ಕಾಣುವುದೇ ಅದು.

ಮುಂದಿನ ಸೋಮವಾರ ನಾವು ಕಂಪ್ಲಿಗೆ ಹೊರಟೆವು. ದಾರಿಯ ಒಂದು ಹಳ್ಳವನ್ನೂ ಜೀಪು ತಪ್ಪಿಸಲಿಲ್ಲ. ಪ್ರತಿ ಕುಲುಕಿಗೂ ಗಿರಿಜಾ ಹಿಂತಿರುಗಿ ನೋಡುತ್ತಿದ್ದಳು. ಹೊಳೆಯ ಬದಿಗೆ, ಭತ್ತದ ಗದ್ದೆಯ ಪಕ್ಕ ನಿಲ್ಲಿಸಿದ ಕೂಡಲೆ ನನಗಿಂತ ಮೊದಲು ಇಳಿದು, ಹೊಳೆಯ ಕಡೆ ಕಣ್ಣನ್ನೂ ಹಾಕದೆ ಗಾಡಿಮನೆಯ ಬಾಗಿಲು ತೆಗೆದಳು. ಲೋಟಗಳು ಉರುಳಿದ್ದವು, ಹಾಸಿಗೆ ಸರಿದಿತ್ತು. ಕ್ಯಾಲೆಂಡರು ಮೊಳೆಯ ಮೇಲೆ, ಆ ತಿಂಗಳ ಪುಟದಲ್ಲೇ ಇತ್ತು.

“ಇದ್ದಲ್ಲೇ ಐತಿ ನೋಡ್ರಿ,” ಎಂದಳು.

ಇದ್ದಲ್ಲೇ ಎಂದರೆ ಎಲ್ಲಿ ಎಂದು ನನಗೆ ಇನ್ನೂ ಸರಿಯಾಗಿ ತಿಳಿದಿಲ್ಲ. ಕೇಳಬೇಕೆಂದುಕೊಂಡೆ, ಅಷ್ಟರಲ್ಲಿ ಅವಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿದ್ದಳು. ನಾನೂ ಬಿಟ್ಟೆ.