ಪರದೆಗೆ ಗೋಲಿ ಹೊಲಿದ ಗದಿಗೆಮ್ಮ

ಕುಷಾಯಿಗೂಡದ ಗದಿಗೆಮ್ಮನಿಗೆ ಹಟ ಮಾಡುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಸೊಂಟ ಬಗ್ಗಿತ್ತೇ ಹೊರತು ಬಾಯಿ ಬಗ್ಗಿರಲಿಲ್ಲ. ಜಳಕವಾಗಿ ಲಿಂಗಪೂಜೆ ಮುಗಿಯುವವರೆಗೆ ಒಂದು ಗುಟುಕು ನೀರನ್ನೂ ಮುಟ್ಟದ ಹೆಂಗಸು. ಬಕೆಟ್ಟಿಗೆ ಬಗ್ಗಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಮಗ ಶರಣಕುಮಾರ ಶವರ್ ಹಾಕಿಸಿದ. ನೀರು ಕಮೋಡಿನ ಕಡೆ ಸಿಡಿಯದಿರಲೆಂದು ನಡುವೆ ಒಂದು ಪ್ಲಾಸ್ಟಿಕ್ ಪರದೆ ಇಳಿಬಿಟ್ಟ. ಅಲ್ಲಿಂದ ಶುರುವಾಯಿತು ನೋಡಿ ರಗಳೆ!

ಶವರ್ ತಿರುವಿದ್ದೇ ತಡ, ಆ ಪರದೆ ಉಬ್ಬಿಕೊಂಡು ಒಳಗೆ ಬಂದು ಒದ್ದೆ ಮೈಗೆ ಗಪ್ಪನೆ ಅಂಟುತ್ತಿತ್ತು. ಕಮೋಡಿನ ಬದಿಯ ಪರದೆ ತಾಗಿದ ಮೇಲೆ ಮಡಿ ಉಳಿಯಿತೇ? ಗದಿಗೆಮ್ಮ ಮತ್ತೆ ಶವರ್ ತಿರುವಿ ಮೊದಲಿನಿಂದ ಮೀಯುವಳು. ಪರದೆಯೂ ಮತ್ತೆ ಹಾಜರು! ಸಿಟ್ಟಿಗೆ ನೀರನ್ನು ಇನ್ನಷ್ಟು ಜೋರು ಮಾಡುವಳು, ಇನ್ನಷ್ಟು ಬಿಸಿ ಮಾಡುವಳು. ಮೈಲಿಗೆಯನ್ನು ತಾನೇ ಕೈಯಾರೆ ಕರೆಯುತ್ತಿದ್ದೇನೆಂದು ಪಾಪ, ಅವಳಿಗೆ ಹೊಳೆಯಲೇ ಇಲ್ಲ.

ಒಂದು ಬೆಳಿಗ್ಗೆ ಪರದೆ ಕಾಲಿಗೆ ಸುತ್ತಿಕೊಂಡು ಗದಿಗೆಮ್ಮ ಧೊಪ್ಪನೆ ಬಿದ್ದಳು. ಪುಣ್ಯಕ್ಕೆ ಮೊಳಕೈ ತರಚಿದ್ದಷ್ಟೇ. ಆದರೆ ಶರಣಕುಮಾರನ ಮುಖ ಬಿಳಚಿಕೊಂಡಿತು. ಅವನಪ್ಪ ಕಲ್ಯಾಣಪ್ಪ ಎದೆ ಹಿಡಿದುಕೊಂಡು ಇದೇ ಬಚ್ಚಲಲ್ಲಿ ಕುಸಿದಾಗ ಒಳಗಿನಿಂದ ಚಿಲಕ ಹಾಕಿತ್ತು. ಬಾಗಿಲು ಒಡೆಯುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಮಗ ಸ್ಕ್ರೂಡ್ರೈವರ್ ತಂದು ಚಿಲಕವನ್ನೇ ಬಿಚ್ಚಿದ.

“ಇನ್ನ ಮ್ಯಾಲೆ ಬಾಗಲಾ ತಗದಿಟ್ಟ ಜಳಕ ಮಾಡವ್ವಾ. ಸುವರ್ಣಾ ಬಾಜೂಕ ನಿಂದರತಾಳ,” ಎಂದ. ಸುವರ್ಣಾ ಅವನ ಹೆಂಡತಿ.

“ಯಾಕ, ನಾ ಏನ್ ಕೂಸೇನು? ಚಿಲಕಿಲ್ಲದ ಬಚ್ಚಲದಾಗ ನಾ ಕಾಲಿಡಾಂಗಿಲ್ಲ. ಜಳಕಿಲ್ಲಂದ್ರ ಪೂಜಿಲ್ಲ, ಪೂಜಿಲ್ಲಂದ್ರ ಊಟಿಲ್ಲ. ತಿಳೀತಿಲ್ಲೋ?”

ಬರೀ ಬಾಯಿಮಾತು ಎಂದುಕೊಂಡು ಅವನು ಮಾದಾಪುರದ ಆಫೀಸಿಗೆ ಹೋದ. ಮಧ್ಯಾಹ್ನವಾದರೂ ಮುಚ್ಚಿಟ್ಟ ತಟ್ಟೆ ಮುಚ್ಚಿದಂತೆಯೇ ಇತ್ತು. ಶಾಲೆಯಲ್ಲಿ ವಿಜ್ಞಾನ ಕಲಿಸುವ ಸುವರ್ಣಾಗೆ ಅಂದು ರಜೆ. ಅತ್ತೆಯ ಒಣಗಿದ ತುಟಿ ನೋಡಿ ಅವಳಿಗೆ ತಡೆಯಲಾಗಲಿಲ್ಲ.

“ಅತ್ತ್ಯಾರ, ಜಗಳ ಪಡದಾದ್ದರಿ, ಚಿಲಕದ್ದಲ್ಲ. ಬರ್ರಿ, ನೋಡೂಣು.”

ಇಬ್ಬರೂ ಹೊರಗೆ ನಿಂತು ಶವರ್ ಬಿಟ್ಟರು. ಒಳಗೆ ಯಾರೂ ಇಲ್ಲದಿದ್ದರೂ ಪರದೆ ಒಳಗೇ ಉಬ್ಬಿತು.

“ಇದರ ಹೆಣಾ ಎತ್ತಲಿ! ಯಾರನ್ನ ಹುಡುಕಾಕತ್ತೈತಿ?”

“ಬೀಳೂ ನೀರು ಗಾಳೀನೂ ಎಳಕೊಂಡು ತಿರಗತೈತ್ರಿ. ಒಳಗ ಒತ್ತಡ ಕಡಿಮಿ ಆತಂದ್ರ ಹೊರಗಿನ ಗಾಳಿ ಪಡದಾ ನೂಕತೈತಿ. ನೀರು ಬಿಸಿ ಇದ್ರಂತೂ ಒಳಗಿನ ಗಾಳಿ ಮ್ಯಾಲೆ ಹೋಗಿ, ತಣ್ಣಂದು ಕೆಳಗಿಂದ ನುಗ್ಗತೈತಿ.”

“ಅಂದ್ರ ನಾ ಜೋರ್ ಬಿಟ್ಟಷ್ಟೂ ಮೈಮ್ಯಾಲೆ ಬರತಿತ್ತಾ? ನನಗ ಹುಚ್ಚಗಿಚ್ಚ ಹಿಡದಿತ್ತೇನ!” ಎಂದು ಗದಿಗೆಮ್ಮ ಹಣೆ ಬಡಿದುಕೊಂಡಳು. ಮರುಗಳಿಗೆಯೇ ಸೂಜಿ ಕೇಳಿದಳು.

ಕೌದಿ ಹೊಲಿದು ಪಳಗಿದ ಕೈ ಅದು. ಬರೀ ಪ್ಲಾಸ್ಟಿಕ್ಕಿಗೆ ಸೂಜಿ ಹಾಕಿದರೆ ಹರಿಯುತ್ತದೆಂದು ಪರದೆಯ ಕೆಳಗೆ ಹಳೇ ಸೀರೆಯ ಅಂಚು ಮಡಚಿಟ್ಟು, ಜೇಬು ಜೇಬಾಗಿ ಹೊಲಿದು, ಒಂದೊಂದರಲ್ಲೂ ಗಾಜಿನ ಗೋಲಿ ಕೂರಿಸಿದಳು. ಕಬ್ಬಿಣವಾದರೆ ತುಕ್ಕು ಹಿಡಿಯುತ್ತಲ್ಲ! ಸುವರ್ಣಾ ಗೋಡೆಯ ಬದಿ ಪರದೆಯನ್ನು ಒದ್ದೆ ಮಾಡಿ ಟೈಲ್ಸಿಗೆ ಒತ್ತಿದಳು, ಇನ್ನೊಂದು ತುದಿಯಲ್ಲಿ ಗಾಳಿಯಾಡಲು ಸಂದು ಬಿಟ್ಟಳು, ನೀರನ್ನು ಹದಕ್ಕೆ ಇಳಿಸಿದಳು. ಪರದೆ ಚೂರು ನಡುಗಿತೇ ವಿನಾ ಒಳಗೆ ಬರಲಿಲ್ಲ.

ಸಂಜೆ ಮಗ ಬಂದಾಗ ತಾಯಿ ಇನ್ನೂ ಉಪವಾಸವಿದ್ದುಕೊಂಡೇ ಚಿಲಕಕ್ಕೆ ಸ್ಕ್ರೂ ತಿರುವುತ್ತಿದ್ದಳು. ಸುವರ್ಣಾ ಪರದೆ ತೋರಿಸಿದಳು. ಅವನು ನೋಡಿದ, ಮುಟ್ಟಿದ, ಆದರೂ ಚಿಲಕದ ಕಡೆಗೇ ಕಣ್ಣು ಹೊರಳಿಸಿದ.

“ಪಡದಾ ಬರಾಂಗಿಲ್ಲ, ಖರೆ. ಅಪ್ಪಗ ಆದಂಗ ಆದ್ರ ಏನ್ ಮಾಡಲವ್ವಾ?”

ಗದಿಗೆಮ್ಮ ಕೊನೆಯ ಸ್ಕ್ರೂ ಬಿಗಿಮಾಡಿ ಅವನ ಕಡೆ ತಿರುಗಿದಳು.

“ನಿಮ್ಮಪ್ಪ ಚಿಲಕದಿಂದ ಸತ್ತಿಲ್ಲೋ. ನನಗ ಅವರ ನೆನಪಿಲ್ಲೇನು? ಅಂಜಿಕಿ ನಿಂದು. ಅದಕ್ಕ ನನ್ನ ಮಾನ ಯಾಕ ಕೊಡಲಿ? ಸಾಯೂತನಕ ನನ್ನ ಮೈ ನಾನ ತೊಳಕೋತೀನಿ.”

ಒಳಗೆ ಹೋಗಿ ಠಕ್ಕೆಂದು ಚಿಲಕ ಹಾಕಿದಳು. ನೀರು ಬಿದ್ದ ಸದ್ದು. ಶರಣಕುಮಾರ ಬಾಗಿಲಿಗೆ ಕಿವಿ ಹಚ್ಚಿ ನಿಂತ. ಆಗ ಒಳಗಿನಿಂದ ಗುಡುಗು ಕೇಳಿಸಿತು.

“ಏ ಶರಣ್ಯಾ! ಅಲ್ಲೇ ಅದೀಯಲ್ಲಾ? ಕೇಳಸ್ಕೋ. ಸಣ್ಣಾಂವ ಇದ್ದಾಗ ಜಳಕಕ್ಕ ಕರದ್ರ ಓಣಿ ತುಂಬ ಓಡಸತಿದ್ದಿ, ಮೂಳ! ಈಗ ನನಗ ಜಳಕ ಮಾಡಸಾಕ ಬಂದೀಯೇನು? ನನ್ನ ಬೈಗುಳ ನಿಂತೂ ಅಂದ್ರ ಬಾಗಲಾ ಒಡಿ. ಅಲ್ಲೀತನಕ ಕೈ ಹಚ್ಚಿದ್ರ ನೋಡು!”

ಶರಣಕುಮಾರ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಕಣ್ಣು ಒರೆಸಿಕೊಳ್ಳುತ್ತ, ಒಂದೊಂದು ಬೈಗುಳಕ್ಕೂ “ಹೂಂ ಅವ್ವಾ” ಎಂದ.