ಎಲ್ಲಿ ನಿಂತಿದ್ದೀಯ ಎಂದು ಕೇಳುವವರು

ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪಿಸಿಯೇ ಕಡತಗಳನ್ನು ನಕಲಿಸುವ, ಸರಿಸುವ, ಅಳಿಸುವ ವಿದ್ಯೆ ಸ್ಫಾಕ್ಸ್ ನಗರದಲ್ಲಿ ಇಬ್ಬರೋ ಮೂವರೋ ಬಲ್ಲವರಿದ್ದ ಕಾಲದಲ್ಲಿ ನಮ್ಮ ಧ್ವನಿಭಂಡಾರಕ್ಕೆ ಸೇರಿ, ಮೂವತ್ತೊಂದು ವರ್ಷ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ, ನಾವೆಲ್ಲ ಗೌರವದಿಂದ ಲಲ್ಲಾ ಎಂದು ಕರೆಯುವ ಶ್ರೀಮತಿ ವಸೀಲಾ ತ್ಲೀಲಿಯವರು ನಿವೃತ್ತರಾಗುತ್ತಿದ್ದಾರೆ. ಅವರ ಕೈಕೆಳಗೆ ಪಳಗಿದವಳು ನಾನು. ಪೂರ್ತಿ ಪಳಗಿದೆನೆಂದು ಅವರು ಇನ್ನೂ ಒಪ್ಪಿಲ್ಲ.

ಏನನ್ನೇ ಅಳಿಸುವ ಮುನ್ನ, ಯಾವ ಫೋಲ್ಡರಿನಲ್ಲಿದ್ದೇವೆಂದು ಒಮ್ಮೆ, ಅದರಲ್ಲಿ ಏನೇನಿದೆಯೆಂದು ಇನ್ನೊಮ್ಮೆ ಯಂತ್ರವನ್ನು ಕೇಳಲೇಬೇಕೆಂಬುದು ಅವರ ಕಟ್ಟಪ್ಪಣೆ. "ಎಲ್ಲಿ ನಿಂತಿದ್ದೀಯ?" ಎಂದು ಬೆನ್ನ ಹಿಂದಿನಿಂದ ಕೇಳುತ್ತಿದ್ದರು. ಸೇರಿದ ಮೂರನೇ ವಾರ, ಬಿಸಿರಕ್ತದ ನಾನು ಏನೂ ಕೇಳದೆ ಅಳಿಸುವ ಆಜ್ಞೆಯಾದ ಆರ್‌ಎಂ ಕೊಟ್ಟುಬಿಟ್ಟೆ. ಖಾಲಿಯಾಗಬೇಕಿದ್ದದ್ದು ಕರಡುಗಳ ಫೋಲ್ಡರು. ಖಾಲಿಯಾದದ್ದು ಕೆರ್ಕೆನ್ನಾ ದ್ವೀಪದ ಬೆಸ್ತರ ಹಾಡುಗಳದ್ದು. ಹಾಡಿದವರು ತೀರಿಹೋಗಿದ್ದರು, ಮೂಲ ಟೇಪುಗಳು ಉಪ್ಪುಗಾಳಿಗೆ ಹಾಳಾಗಿದ್ದವು. ಆರ್‌ಎಂ ಅಳಿಸಿದ್ದು ಮರಳಿ ಬಾರದೆಂಬುದು ನನಗೂ ಗೊತ್ತಿತ್ತು. ರಾಜೀನಾಮೆ ಬರೆದುಕೊಂಡೇ ಅವರ ಮುಂದೆ ನಿಂತೆ.

ಪತ್ರ ಓದಿ, ತಮ್ಮ ಪುದೀನ ಚಹಾದ ಲೋಟವನ್ನು ನನ್ನತ್ತ ಸರಿಸಿದರು. "ಹೊಸಬರ ಯಂತ್ರದಲ್ಲಿ ಆರ್‌ಎಂ ಏನೂ ಅಳಿಸಲ್ಲ ಮಗಳೇ. ಬಚ್ಚಿಟ್ಟ ಇನ್ನೊಂದು ಫೋಲ್ಡರಿಗೆ ಸಾಗಿಸುತ್ತೆ ಅಷ್ಟೆ. ಹಾಗೆ ಆಗ್ಲಿ ಅಂತ ನಾನೇ ಮಾಡಿಟ್ಟಿರೋದು. ಕಾಗದ ಒಂದು ದಂಡ ಆಯ್ತು ನೋಡು."

ಹಾಡುಗಳು ಒಂದೂ ಬಿಡದೆ ಸಿಕ್ಕವು. ನಾನು ಅತ್ತುಬಿಟ್ಟೆ. ಆ ಸಂಗತಿ ಕಚೇರಿಯಲ್ಲಿ ಯಾರ ಕಿವಿಗೂ ಬೀಳದಂತೆ ಅವರು ನೋಡಿಕೊಂಡರು. ಇಂದು ನಾನೇ ಹೇಳುತ್ತಿದ್ದೇನೆ.

ಹೊಸಬರಿಗೆಂದು ಮೂವತ್ತೊಂದು ವರ್ಷ ಬರೆದಿಟ್ಟ ತಮ್ಮ ಟಿಪ್ಪಣಿಗಳನ್ನು ಗುರುವಾರ ಅಳಿಸುವುದಾಗಿ ಕಳೆದ ವಾರ ಲಲ್ಲಾ ತಿಳಿಸಿದರು. ಹಳೆಯದು ಯಾರಿಗೆ ಬೇಕು ಎಂಬುದು ಅವರ ವಾದ. ನಾನು ಅಂಗಲಾಚಿದೆ. "ಹೋಗೋರು ಜಾಗ ಖಾಲಿ ಮಾಡ್ಬೇಕು" ಎಂದರು. ಗುರುವಾರ ತಮ್ಮ ಕುರ್ಚಿಯಲ್ಲಿ ಕುಳಿತು, ಎಲ್ಲಿದ್ದೇನೆಂದು ನೋಡಿಕೊಂಡರು, ಏನೇನಿದೆಯೆಂದು ನೋಡಿಕೊಂಡರು, ಆರ್‌ಎಂ ಕೊಟ್ಟರು. ಆಮೇಲೆ ಕುರ್ಚಿಯನ್ನು ಮೇಜಿನ ಕೆಳಗೆ ಸರಿಸಿ ಎದ್ದರು.

ಲಲ್ಲಾ, ಆ ಬೆಳಿಗ್ಗೆ ನಿಮಗಿಂತ ಮೊದಲೇ ಬಂದು ನಿಮ್ಮ ಯಂತ್ರವನ್ನೂ ಹೊಸಬರ ಯಂತ್ರದಂತೆ ಮಾಡಿಟ್ಟಿದ್ದೆ. ನಿಮ್ಮ ಟಿಪ್ಪಣಿಗಳೆಲ್ಲ ಭದ್ರವಾಗಿವೆ. ನೀವು ನೂರ್ಕಾಲ ಬಾಳಿ ಅವನ್ನು ಮುಂದುವರಿಸಬೇಕೆಂಬುದು ನಮ್ಮೆಲ್ಲರ ಹಾರೈಕೆ. ಬೇಡವೇ ಬೇಡವೆಂದರೆ, ಬಂದು ನೀವೇ ಅಳಿಸಿ, ಚಹಾ ಮಾಡಿಟ್ಟಿರುತ್ತೇನೆ.